ಮಂಡಿಗೆ ಇಂಜೆಕ್ಷನ್: ಸ್ಟೀರಾಯ್ಡೋ, ಜೆಲ್ಲೋ, ಪಿಆರ್‌ಪಿಯೋ?

ಅಮ್ಮನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಡಾಕ್ಟರು "ಒಳಗಡೆ ಗ್ಯಾಪ್ ಹೋಗಿದೆಯಮ್ಮ, ಸವೆದಿದೆ" ಅಂದರು. ಮೂರು ಬಗೆಯ ಇಂಜೆಕ್ಷನ್ ಹೆಸರು ಹೇಳಿ, ಮನೆಯಲ್ಲಿ ಯೋಚನೆ ಮಾಡಿ ಬನ್ನಿ ಎಂದು ಕಳಿಸಿದರು. ಒಂದರ ಔಷಧಿಗೆ ಕೆಲವು ನೂರು ರೂಪಾಯಿ, ಉಳಿದೆರಡಕ್ಕೆ ಸಾವಿರಗಟ್ಟಲೆ. ಬಸ್ಸಿನಲ್ಲಿ ವಾಪಸು ಬರುವಾಗ ಅಮ್ಮ ಕೇಳಿದ್ದು ಒಂದೇ ಮಾತು: "ಜಾಸ್ತಿ ದುಡ್ಡಿನದೇ ಒಳ್ಳೇದಿರಬೇಕು ಅಲ್ವೇನೇ?"

ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅಮ್ಮನ ಎರಡು ಮಂಡಿಗಳ ಹಿಂದೆ ಮೂರು ವರ್ಷ ಓಡಾಡಿದ್ದೇನೆ. ಮೂಳೆ ಡಾಕ್ಟರುಗಳನ್ನೂ ಫಿಸಿಯೋಥೆರಪಿಯವರನ್ನೂ ಪೀಡಿಸಿ ಕೇಳಿದ್ದೇನೆ, ಸಂಶೋಧನೆಗಳನ್ನು ಕೂತು ಓದಿದ್ದೇನೆ. ನಾನು ಡಾಕ್ಟರಲ್ಲ. ನಿಮ್ಮ ಮಂಡಿಯನ್ನು ಮುಟ್ಟಿ ನೋಡಿದವರ ಮಾತೇ ನಿಮಗೆ ಮೊದಲು. ಆದರೆ ಅವರ ಎದುರು ಕೂತಾಗ ಏನು ಕೇಳಬೇಕು ಅನ್ನುವುದು ಗೊತ್ತಿದ್ದರೆ ಎಷ್ಟೋ ದುಡ್ಡು, ಎಷ್ಟೋ ಸಂಕಟ ಉಳಿಯುತ್ತದೆ ಅನ್ನುವುದು ನಮ್ಮ ಮನೆಯಲ್ಲೇ ಆದ ಅನುಭವ.

ಸವೆದದ್ದು ಏನು, ನೋಯುವುದು ಏನು

ತೊಡೆ ಮೂಳೆ ಮತ್ತು ಕಾಲು ಮೂಳೆಯ ತುದಿಗಳಿಗೆ ನುಣುಪಾದ, ಎಳೆ ತೆಂಗಿನಕಾಯಿಯ ತಿರುಳಿನಂಥ ಒಂದು ಹೊದಿಕೆ ಇರುತ್ತದೆ. ಅದೇ ಮೃದ್ವಸ್ಥಿ, ಕಾರ್ಟಿಲೇಜ್. ಅದಕ್ಕೆ ರಕ್ತನಾಳವಿಲ್ಲ, ಹಾಗಾಗಿ ಒಮ್ಮೆ ಸವೆದರೆ ಚರ್ಮದ ಗಾಯದ ಹಾಗೆ ಮಾಯುವುದಿಲ್ಲ. ಅದಕ್ಕೆ ನರವೂ ಇಲ್ಲ. ಇದನ್ನು ಕೇಳಿದಾಗ ನನಗೆ ಆಶ್ಚರ್ಯವಾಗಿತ್ತು: ಸವೆಯುವ ಭಾಗ ನೋಯುವುದೇ ಇಲ್ಲ! ನೋಯುವುದು ಅದರ ಸುತ್ತಲಿನದು. ಕೀಲಿನ ಒಳಪೊರೆ ಉರಿಯೂತದಿಂದ ಊದಿಕೊಂಡು ನೀರು ತುಂಬುತ್ತದೆ, ಹೊದಿಕೆ ತೆಳುವಾದ ಕಡೆ ಮೂಳೆಯ ಮೇಲೆ ಒತ್ತಡ ಬೀಳುತ್ತದೆ, ಬಲ ಕಳೆದುಕೊಂಡ ತೊಡೆಯ ಸ್ನಾಯು ಮಂಡಿಯನ್ನು ಹಿಡಿದು ನಿಲ್ಲಿಸುವುದಿಲ್ಲ.

ಎಕ್ಸ್‌ರೇಯಲ್ಲಿ ಎಲ್ಲವೂ ಸವೆದಿದ್ದರೂ ಗದ್ದೆಯ ಕೆಲಸ ಮಾಡಿಕೊಂಡಿರುವವರು ಇದ್ದಾರೆ, ಸ್ವಲ್ಪವೇ ಸವೆದು ಮೆಟ್ಟಿಲು ಹತ್ತಲಾಗದವರೂ ಇದ್ದಾರೆ. ಅದಕ್ಕೆ ಕಾರಣ ಇದೇ. ಇಂಜೆಕ್ಷನ್ ಆರಿಸುವಾಗ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ್ದೂ ಇದೇ. ಇವತ್ತು ಆಸ್ಪತ್ರೆಗಳಲ್ಲಿ ಸಿಗುವ ಯಾವ ಇಂಜೆಕ್ಷನ್ನೂ ಸವೆದ ಮೃದ್ವಸ್ಥಿಯನ್ನು ಮೊದಲಿನಂತೆ ಬೆಳೆಸಿಕೊಡುತ್ತದೆ ಎಂದು ಗಟ್ಟಿಯಾಗಿ ತೋರಿಸಿದವರಿಲ್ಲ. "ಗ್ಯಾಪ್ ತುಂಬುತ್ತೆ" ಎಂದು ಯಾರಾದರೂ ಹೇಳಿದರೆ ಅಲ್ಲೇ ನಿಂತು ಇನ್ನೊಬ್ಬ ಡಾಕ್ಟರನ್ನು ಕೇಳಿ. ಕೊಳ್ಳುತ್ತಿರುವುದು ನೋವಿಲ್ಲದ ಒಂದಿಷ್ಟು ದಿನಗಳನ್ನು. ಎಷ್ಟು ದಿನ, ಯಾವ ಬೆಲೆಗೆ, ಆ ದಿನಗಳಲ್ಲಿ ನೀವೇನು ಮಾಡುತ್ತೀರಿ ಅನ್ನುವುದರ ಮೇಲೆ ಆಯ್ಕೆ ನಿಂತಿದೆ.

ಇನ್ನೊಂದು ಮಾತು: ಎಕ್ಸ್‌ರೇಯನ್ನು ನಿಂತುಕೊಂಡೇ ತೆಗೆಸಿ. ಮಲಗಿಸಿ ತೆಗೆದರೆ ಮಂಡಿಯ ಮೇಲೆ ಭಾರ ಬೀಳದೆ ಸವೆತ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಸವೆತವನ್ನು 1ರಿಂದ 4ರವರೆಗಿನ ಗ್ರೇಡ್‌ನಲ್ಲಿ ಹೇಳುತ್ತಾರೆ, 4 ಅಂದರೆ ಅತಿ ಹೆಚ್ಚು ಸವೆತ. ನಿಮ್ಮದು ಯಾವ ಗ್ರೇಡ್ ಎಂದು ಕೇಳಿ ಬರೆದಿಟ್ಟುಕೊಳ್ಳಿ, ಮುಂದೆ ಪ್ರತಿ ಹೆಜ್ಜೆಗೂ ಬೇಕಾಗುತ್ತದೆ.

ಸ್ಟೀರಾಯ್ಡ್: ಅಗ್ಗ, ಬೇಗ, ಸ್ವಲ್ಪ ದಿನ

ಟ್ರಯಾಮ್ಸಿನೊಲೋನ್ ಅಥವಾ ಮೀಥೈಲ್ ಪ್ರೆಡ್ನಿಸೊಲೋನ್, ಸಾಮಾನ್ಯವಾಗಿ 40 ಮಿಲಿಗ್ರಾಂ. ಒಳಪೊರೆಯ ಉರಿಯೂತವನ್ನು ನೇರವಾಗಿ ತಣಿಸುವ ಔಷಧಿ ಇದು. ಆದ್ದರಿಂದ ಊದಿಕೊಂಡ, ಮುಟ್ಟಿದರೆ ಬೆಚ್ಚಗಿರುವ, ನೀರು ತುಂಬಿದ ಮಂಡಿಗೆ ಚೆನ್ನಾಗಿ ಒಪ್ಪುತ್ತದೆ. ಬಹಳಷ್ಟು ಡಾಕ್ಟರುಗಳು ಮೊದಲು ನೀರು ತೆಗೆದು, ಅದೇ ಸೂಜಿಯಿಂದ ಔಷಧಿ ಬಿಡುತ್ತಾರೆ. ಮೊದಲ ಒಂದೆರಡು ದಿನ ನೋವು ಜಾಸ್ತಿಯಾಗಬಹುದು, ಆಮೇಲೆ ವಾರದೊಳಗೆ ಹಗುರ ಅನ್ನಿಸುತ್ತದೆ.

ಎಷ್ಟು ದಿನ? ಚಿಕಿತ್ಸೆಗಳನ್ನು ತೂಗಿ ನೋಡಿ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ 2ರಿಂದ 10 ವಾರ ಎನ್ನುತ್ತದೆ. ಉಳಿದ ಚಿಕಿತ್ಸೆ ಸಾಲದಾದಾಗ, ಅಥವಾ ವ್ಯಾಯಾಮ ಶುರು ಮಾಡಲು ನೆರವಾಗಲಿ ಎಂದು ಕೊಡಬಹುದು ಅನ್ನುವುದು ಅವರ ಸಲಹೆ. ಅಮೆರಿಕದ ಸಂಧಿವಾತ ತಜ್ಞರ ಕಾಲೇಜು 2019ರಲ್ಲಿ ಮಂಡಿ ಸವೆತಕ್ಕೆ ಬಲವಾಗಿ ಶಿಫಾರಸು ಮಾಡಿದ ಇಂಜೆಕ್ಷನ್ ಇದೊಂದೇ. ಅಮ್ಮನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು: ಎಲ್ಲಕ್ಕಿಂತ ಅಗ್ಗದ್ದಕ್ಕೇ ತಜ್ಞರ ಒಪ್ಪಿಗೆ ಜಾಸ್ತಿ.

ಆದರೆ ಮತ್ತೆ ಮತ್ತೆ ಹಾಕಿಸಿಕೊಳ್ಳುವಂಥದ್ದಲ್ಲ. 2017ರಲ್ಲಿ ಅಮೆರಿಕದಲ್ಲಿ 140 ಜನರನ್ನು ಎರಡು ವರ್ಷ ನೋಡಿದ ಪ್ರಯೋಗವೊಂದು ಪ್ರಕಟವಾಯಿತು. ಅರ್ಧ ಜನಕ್ಕೆ 12 ವಾರಕ್ಕೊಮ್ಮೆ ಸ್ಟೀರಾಯ್ಡ್, ಉಳಿದರ್ಧಕ್ಕೆ ಹೋಲಿಕೆಗೆಂದು ಬರೀ ಉಪ್ಪುನೀರು. ಸ್ಟೀರಾಯ್ಡ್ ಪಡೆದವರಲ್ಲಿ ಮೃದ್ವಸ್ಥಿ 0.21 ಮಿಲಿಮೀಟರ್ ತೆಳುವಾಗಿತ್ತು, ಉಪ್ಪುನೀರಿನವರಲ್ಲಿ 0.10. ಎರಡು ವರ್ಷದ ಕೊನೆಗೆ ನೋವಿನಲ್ಲಿ ಎರಡೂ ಗುಂಪಿಗೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಹಾಗಾಗಿ ಎರಡು ಇಂಜೆಕ್ಷನ್ ನಡುವೆ ಕನಿಷ್ಠ ಮೂರು ತಿಂಗಳು, ವರ್ಷಕ್ಕೆ ಮೂರೋ ನಾಲ್ಕೋ ದಾಟಬಾರದು ಎಂಬ ರೂಢಿ ಇದೆ. ವರ್ಷಕ್ಕೆ ಒಂದಕ್ಕೇ ನಿಲ್ಲಿಸಲು ಆದರೆ ಇನ್ನೂ ಒಳ್ಳೆಯದು ಅನ್ನುವುದು ನನ್ನ ಅನಿಸಿಕೆ.

ಸಕ್ಕರೆ ಕಾಯಿಲೆ ಇದ್ದವರು ಇದನ್ನು ಎರಡು ಸಲ ಓದಿ. ಅಮ್ಮನಿಗೆ ಮೊದಲ ಸ್ಟೀರಾಯ್ಡ್ ಹಾಕಿದ ನರ್ಸಿಂಗ್ ಹೋಮಿನಲ್ಲಿ ಶುಗರ್ ಇದೆಯಾ ಎಂದು ಯಾರೂ ಕೇಳಲಿಲ್ಲ, ಹೇಳಬೇಕೆಂದು ನಮಗೂ ಹೊಳೆಯಲಿಲ್ಲ. ಮಾರನೇ ದಿನ ವಿಪರೀತ ಬಾಯಾರಿಕೆ, ಸುಸ್ತು. ಮನೆಯ ಗ್ಲುಕೋಮೀಟರ್ 340 ತೋರಿಸಿತು. ಕೈಕಾಲು ಬಿಟ್ಟುಹೋದವು. ಮಂಡಿಗೆ ಹಾಕಿದ ಸ್ಟೀರಾಯ್ಡಿನ ಒಂದು ಪಾಲು ರಕ್ತಕ್ಕೂ ಸೇರಿ, ಕೆಲವು ದಿನ, ಒಮ್ಮೊಮ್ಮೆ ವಾರದವರೆಗೂ ಸಕ್ಕರೆ ಏರಿಸುತ್ತದೆ. ಗೊತ್ತಿದ್ದರೆ ನಿಭಾಯಿಸಬಹುದು: ಮೊದಲೇ ಶುಗರ್ ಡಾಕ್ಟರಿಗೆ ತಿಳಿಸುವುದು, ಆ ವಾರ ದಿನಕ್ಕೆ ಎರಡು ಮೂರು ಸಲ ನೋಡಿಕೊಳ್ಳುವುದು, ಮಾತ್ರೆ ಅಥವಾ ಇನ್ಸುಲಿನ್ ಎಷ್ಟು ಬದಲಿಸಬೇಕೆಂದು ಕೇಳಿಟ್ಟುಕೊಳ್ಳುವುದು. ಶುಗರ್ ಹತೋಟಿಯಲ್ಲೇ ಇಲ್ಲದವರಿಗೆ ಮೊದಲು ಅದನ್ನು ಇಳಿಸಿ ಆಮೇಲೆ ಇಂಜೆಕ್ಷನ್ ಅನ್ನುವ ಡಾಕ್ಟರೇ ಒಳ್ಳೆಯ ಡಾಕ್ಟರು.

ಜೆಲ್, ಅಂದರೆ ಗ್ರೀಸ್ ಇಂಜೆಕ್ಷನ್

ಹೈಯಲುರಾನಿಕ್ ಆಮ್ಲ. 1934ರಲ್ಲಿ ಹಸುವಿನ ಕಣ್ಣಿನೊಳಗಿನ ಲೋಳೆಯಿಂದ ಮೊದಲ ಬಾರಿಗೆ ಬೇರ್ಪಡಿಸಿದ ವಸ್ತು. ನಮ್ಮ ಕೀಲಿನ ದ್ರವಕ್ಕೆ ಜಿಗುಟು ಬರುವುದು ಇದರಿಂದಲೇ. ಸವೆದ ಮಂಡಿಯಲ್ಲಿ ಇದು ತೆಳುವಾಗುತ್ತದೆ, ಹೊರಗಿನಿಂದ ತುಂಬಿದರೆ ಜಾರುವಿಕೆ ಮರಳೀತು ಅನ್ನುವುದು ತರ್ಕ. ಅಮೆರಿಕದಲ್ಲಿ 1997ರಿಂದ ಬಳಕೆಯಲ್ಲಿದೆ. ವಾರಕ್ಕೊಂದರಂತೆ 3ರಿಂದ 5 ಸಲ ಹಾಕುವ ಬಗೆಯೂ ಇದೆ, ಒಂದೇ ಸಲ 6 ಎಂ.ಎಲ್. ಹಾಕಿ ಮುಗಿಸುವ ಬಗೆಯೂ ಇದೆ.

"ಬಾಗಿಲ ಕೀಲಿಗೆ ಎಣ್ಣೆ ಬಿಟ್ಟ ಹಾಗೆ" ಎಂದು ಹೇಳಿದರೆ ಯಾರಿಗಾದರೂ ಒಪ್ಪಿಗೆಯಾಗುತ್ತದೆ. ಆದರೆ ಹಾಕಿದ ಜೆಲ್ ಮಂಡಿಯಲ್ಲಿ ತಿಂಗಳುಗಟ್ಟಲೆ ಉಳಿಯುವುದಿಲ್ಲ, ದೇಹ ಅದನ್ನು ಬೇಗನೆ ಕರಗಿಸಿಬಿಡುತ್ತದೆ. ಗುಣ ಕಂಡವರಿಗೆ ಅದು ನಿಧಾನಕ್ಕೆ, ನಾಲ್ಕನೇ ವಾರದ ಹೊತ್ತಿಗೆ ಶುರುವಾಗಿ, ಎಂಟನೇ ವಾರದ ಸುಮಾರಿಗೆ ಹೆಚ್ಚಾಗಿ, ಆರು ತಿಂಗಳವರೆಗೆ ಅಷ್ಟಿಷ್ಟು ಉಳಿಯುತ್ತದೆ. ಇದರ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. 2022ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ 169 ಪ್ರಯೋಗಗಳನ್ನು, 21 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಟ್ಟು ಹಾಕಿ ಲೆಕ್ಕ ನೋಡಿದ ಅಧ್ಯಯನವನ್ನು ಪ್ರಕಟಿಸಿತು. ಉಪ್ಪುನೀರಿನಂಥ ಸುಳ್ಳು ಇಂಜೆಕ್ಷನ್‌ಗಿಂತ ಜೆಲ್ ತಗ್ಗಿಸಿದ ನೋವು 100ಕ್ಕೆ ಸುಮಾರು 2 ಅಂಕ. ಅಷ್ಟು ಇಳಿದದ್ದು ರೋಗಿಗೆ ಗೊತ್ತೂ ಆಗುವುದಿಲ್ಲ. ನೈಸ್ ಇದನ್ನು ಕೊಡಲೇಬೇಡಿ ಎನ್ನುತ್ತದೆ. ಅಮೆರಿಕದ ಮೂಳೆ ಶಸ್ತ್ರವೈದ್ಯರ ಅಕಾಡೆಮಿ 2021ರಲ್ಲಿ ಎಲ್ಲರಿಗೂ ವಾಡಿಕೆಯಾಗಿ ಬೇಡ ಎಂದಿತು. ಮೃದುವಾಗಿ ಒಪ್ಪಿದ್ದು ಕೀಲು ಸವೆತದ ಅಂತಾರಾಷ್ಟ್ರೀಯ ಸಂಶೋಧನಾ ಸಂಘ, 2019ರಲ್ಲಿ, ಅದೂ ಷರತ್ತಿನ ಮೇಲೆ.

ಹಾಗಾದರೆ ಯಾರಿಗಾದರೂ ಬೇಕೇ? ಸವೆತ ಗ್ರೇಡ್ 2ರಲ್ಲಿದ್ದು, ಮಂಡಿ ಊದಿಲ್ಲದೆ, ಸಕ್ಕರೆಯ ಕಾರಣಕ್ಕೆ ಸ್ಟೀರಾಯ್ಡ್ ಆಗದವರಿಗೆ ಕೆಲವು ಡಾಕ್ಟರುಗಳು ಒಮ್ಮೆ ಪ್ರಯತ್ನಿಸೋಣ ಎನ್ನುತ್ತಾರೆ. ಕೈಯಲ್ಲಿ ದುಡ್ಡಿದ್ದು, ಆಗದಿದ್ದರೆ ಬೇಸರವಿಲ್ಲ ಅನ್ನುವವರು ಹಾಕಿಸಿಕೊಳ್ಳಬಹುದು. ಸಾಲ ಮಾಡಿ ಹಾಕಿಸಬೇಡಿ. ನೀರು ತುಂಬಿದ ಮಂಡಿಗಂತೂ ಬೇಡವೇ ಬೇಡ. ಮತ್ತೊಂದು ವಿಷಯವನ್ನು ಕೌಂಟರಿನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ: ಕೆಲವು ಬ್ರ್ಯಾಂಡಿನ ಜೆಲ್ ತಯಾರಾಗುವುದು ಹುಂಜದ ಜುಟ್ಟಿನಿಂದ, ಕೆಲವು ಬ್ಯಾಕ್ಟೀರಿಯಾ ಹುದುಗಿಸಿ ಮಾಡಿದವು. ಮೊಟ್ಟೆ, ಕೋಳಿಯ ಅಲರ್ಜಿ ಇದ್ದವರು ಕೇಳಲೇಬೇಕು. ಸಸ್ಯಾಹಾರದ ವ್ರತ ಹಿಡಿದ ಹಿರಿಯರಿದ್ದರೆ ಅವರಿಗೂ ಮೊದಲೇ ತಿಳಿಸುವುದು ನ್ಯಾಯ.

ಪಿಆರ್‌ಪಿ: ನಿಮ್ಮದೇ ರಕ್ತ

ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳು, ದಟ್ಟವಾಗಿರುವ ಹಳದಿ ದ್ರವವನ್ನು ಬೇರ್ಪಡಿಸಿ ಮಂಡಿಗೆ ಬಿಡುವುದು. ನಮ್ಮದೇ ರಕ್ತವಾದ್ದರಿಂದ ಅಲರ್ಜಿಯ ಭಯ ಕಡಿಮೆ, ಸಕ್ಕರೆ ಏರುವುದಿಲ್ಲ. ಎರಡು ಮೂರು ದಿನ ಮಂಡಿ ಭಾರವಾಗಿ ನೋಯುವುದುಂಟು. ಹಿಂದಿನ ಮುಂದಿನ ದಿನಗಳಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಬೇಡ ಎನ್ನುತ್ತಾರೆ, ಪ್ಲೇಟ್‌ಲೆಟ್ ಕೆಲಸಕ್ಕೆ ಅವು ಅಡ್ಡ ಬರುತ್ತವೆಂದು. ಹೃದಯಕ್ಕಾಗಿ ಆಸ್ಪಿರಿನ್ ತೆಗೆದುಕೊಳ್ಳುವವರು ಮಾತ್ರ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು.

ಫಲದ ವಿಷಯದಲ್ಲಿ ಎರಡು ಪ್ರಯೋಗಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಚಂಡೀಗಢದ ಪಿಜಿಐ ಆಸ್ಪತ್ರೆಯಲ್ಲಿ 78 ಜನರ 156 ಮಂಡಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪಿಆರ್‌ಪಿ ಉಪ್ಪುನೀರಿಗಿಂತ ಸ್ಪಷ್ಟವಾಗಿ ಮೇಲಾಯಿತು. ಆರಂಭದ ಸವೆತದವರಿಗೆ ಹೆಚ್ಚು ಗುಣ ಸಿಕ್ಕಿತು, ಆದರೆ ಆರು ತಿಂಗಳ ಹೊತ್ತಿಗೆ ಇಳಿಯತೊಡಗಿತ್ತು. 2021ರಲ್ಲಿ ಆಸ್ಟ್ರೇಲಿಯಾದಿಂದ ಬಂದ 288 ಜನರ ಪ್ರಯೋಗದಲ್ಲಿ ಒಂದು ವರ್ಷದ ನಂತರ 10 ಅಂಕದ ನೋವು ಪಿಆರ್‌ಪಿಯವರಲ್ಲಿ 2.1 ಇಳಿದಿತ್ತು, ಉಪ್ಪುನೀರಿನವರಲ್ಲಿ 1.8. ಮೃದ್ವಸ್ಥಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕರಗಿತ್ತು.

ಆ 1.8ರ ಮುಂದೆ ನಾನು ತುಂಬ ಹೊತ್ತು ಕೂತೆ. ಬರೀ ಉಪ್ಪುನೀರು ಹಾಕಿಸಿಕೊಂಡವರಿಗೂ ಅಷ್ಟು ನೋವು ಇಳಿದಿದೆ! ಮಂಡಿನೋವು ತಾನಾಗಿ ಏರಿ ಇಳಿಯುವಂಥದ್ದು. ತೀರಾ ಜಾಸ್ತಿಯಾದಾಗ ಡಾಕ್ಟರ ಹತ್ತಿರ ಹೋಗುತ್ತೇವೆ, ಆಮೇಲೆ ಹೇಗೂ ಸ್ವಲ್ಪ ತಗ್ಗುತ್ತದೆ. ಅದರ ಜೊತೆಗೆ ನಂಬಿಕೆ, ಸೂಜಿ, ಡಾಕ್ಟರ ಕೈ. ಆ ಸಮಾಧಾನ ನಿಜವಾದ ಸಮಾಧಾನವೇ, ಅಮ್ಮನಂಥವರು ಸುಳ್ಳು ಹೇಳುವುದಿಲ್ಲ. ಆದರೆ "ನಮ್ಮ ಭಾವನಿಗೆ ಪಿಆರ್‌ಪಿಯಿಂದ ಪೂರ್ತಿ ವಾಸಿಯಾಯ್ತು" ಅನ್ನುವ ಮಾತನ್ನು ನಂಬಿ ದುಡ್ಡು ಕಟ್ಟುವ ಮೊದಲು ಈ ಅಂಕಿ ನೆನಪಿರಲಿ.

ಪಿಆರ್‌ಪಿ ಪರವಾಗಿ ಹೇಳುವವರ ವಾದವನ್ನೂ ತಳ್ಳಿಹಾಕುವಂತಿಲ್ಲ. ಆಸ್ಟ್ರೇಲಿಯಾದಲ್ಲಿ ಬಳಸಿದ ದ್ರವದಲ್ಲಿ ಪ್ಲೇಟ್‌ಲೆಟ್ ಸಾಂದ್ರತೆ ಸಾಲದು, ಡೋಸ್ ಮುಖ್ಯ ಅನ್ನುತ್ತಾರೆ ಅವರು. ಅದೇ 2021ರಲ್ಲಿ ನಮ್ಮ ದೇಶದ್ದೇ ಒಂದು ಅಧ್ಯಯನ ಸಾವಿರ ಕೋಟಿ ಪ್ಲೇಟ್‌ಲೆಟ್ ಇರುವಂತೆ ಒಂದು ಡೋಸ್ ಕೊಟ್ಟು ವರ್ಷದವರೆಗೆ ಒಳ್ಳೆಯ ಫಲ ಕಂಡಿತು. ತೊಂದರೆ ಏನೆಂದರೆ ಒಂದು ಕ್ಲಿನಿಕ್ಕಿನ ಪಿಆರ್‌ಪಿ ಇನ್ನೊಂದರ ಹಾಗಿರುವುದಿಲ್ಲ. ಎಷ್ಟು ರಕ್ತ ತೆಗೆಯುತ್ತಾರೆ, ಎಷ್ಟು ಸಲ ತಿರುಗಿಸುತ್ತಾರೆ, ಬಿಳಿ ರಕ್ತಕಣ ಉಳಿಸುತ್ತಾರೋ ತೆಗೆಯುತ್ತಾರೋ, ಎಲ್ಲವೂ ಬೇರೆ ಬೇರೆ. ಅಮೆರಿಕದ ಸಂಧಿವಾತ ತಜ್ಞರು ಇದನ್ನು ಬಲವಾಗಿ ಬೇಡ ಎಂದದ್ದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಒಪ್ಪುವ ಮೊದಲು ಕೇಳಿ: "ನೀವು ಕೊಡುವ ದ್ರವದಲ್ಲಿ ಪ್ಲೇಟ್‌ಲೆಟ್ ಎಷ್ಟಿರುತ್ತೆ, ಎಣಿಸಿ ನೋಡ್ತೀರಾ?" ಈ ಪ್ರಶ್ನೆಗೆ ಸಿಡುಕುವ ಕಡೆ ಹಾಕಿಸಬೇಡಿ. ನನ್ನ ತೀರ್ಮಾನ: ಅರವತ್ತರೊಳಗಿನವರು, ಗ್ರೇಡ್ 1-2, ಕಾಲು ನೇರವಾಗಿದೆ, ಖರ್ಚು ಹೊರಬಲ್ಲರು ಎಂದಾದರೆ ಜೆಲ್‌ಗಿಂತ ಪಿಆರ್‌ಪಿ ಮೇಲು. ಗ್ರೇಡ್ 4ಕ್ಕೆ ವ್ಯರ್ಥ.

ಸ್ಟೆಮ್ ಸೆಲ್ ಬಗ್ಗೆ ಎರಡು ಮಾತು

ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ ಬೇರೆಯವರ ಮೂಳೆಮಜ್ಜೆಯ ಸ್ಟೆಮ್ ಸೆಲ್‌ಗಳಿಂದ, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶಗಳಿಂದ, ತಯಾರಿಸಿದ ಸ್ಟೆಂಪ್ಯೂಸೆಲ್ ಎಂಬ ಇಂಜೆಕ್ಷನ್‌ಗೆ 2022ರಲ್ಲಿ ಕೇಂದ್ರದ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿದೆ. ಗ್ರೇಡ್ 2 ಮತ್ತು 3ರ 146 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ವರ್ಷದ ನಂತರವೂ ನೋವು ತಗ್ಗಿದ್ದು ಕಂಡಿತ್ತು. ಇನ್ನೊಂದು ಕಡೆ, 2023ರಲ್ಲಿ ಅಮೆರಿಕದಿಂದ ಬಂದ 475 ಜನರ ಪ್ರಯೋಗ ಮೂರು ಬಗೆಯ ಕೋಶ ಚಿಕಿತ್ಸೆಗಳನ್ನು ಸಾದಾ ಸ್ಟೀರಾಯ್ಡ್ ಜೊತೆ ಹೋಲಿಸಿತು. ವರ್ಷದ ಕೊನೆಗೆ ಯಾವುದೂ ಸ್ಟೀರಾಯ್ಡನ್ನು ಮೀರಿಸಲಿಲ್ಲ. ಅನುಮತಿ ಪಡೆದ ಔಷಧಿ ಒಂದು ಮಾತು, "ನಿಮ್ಮ ಕೊಬ್ಬಿನಿಂದಲೇ ಸ್ಟೆಮ್ ಸೆಲ್ ತೆಗೆದು ಹಾಕ್ತೀವಿ" ಎಂದು ಲಕ್ಷ ಕೇಳುವ ಕ್ಲಿನಿಕ್ ಇನ್ನೊಂದು ಮಾತು. ಎರಡನೆಯದರಿಂದ ದೂರವಿರಿ.

ಯಾರಿಗೆ ಯಾವುದು

ಮುಂದಿನ ತಿಂಗಳು ಮಗಳ ಮದುವೆ, ಮಂಡಿ ಊದಿ ಕುಂಟುವ ಹಾಗಾಗಿದೆ, ಛತ್ರದಲ್ಲಿ ಎರಡು ದಿನ ನಿಲ್ಲಬೇಕು: ಸ್ಟೀರಾಯ್ಡ್, ಮದುವೆಗೆ ಎರಡು ವಾರ ಮೊದಲು. ಇಂಥ ಬಳಕೆಯಲ್ಲಿ ತಪ್ಪೇನಿಲ್ಲ.

ಎಪ್ಪತ್ತೈದು ದಾಟಿದವರು, ಹೃದಯದ ತೊಂದರೆಯಿಂದ ಆಪರೇಷನ್‌ಗೆ ಆಗುವುದಿಲ್ಲ ಅಂದಿದ್ದಾರೆ: ಅಂತರ ಕಾಯ್ದುಕೊಂಡು ಸ್ಟೀರಾಯ್ಡ್. ಅವರಿಗೆ ಮೃದ್ವಸ್ಥಿ ಇನ್ನಷ್ಟು ತೆಳುವಾಗುವ ಚಿಂತೆಗಿಂತ ಬಚ್ಚಲಿಗೆ ಸ್ವಂತ ಕಾಲಲ್ಲಿ ನಡೆದು ಹೋಗುವುದು ದೊಡ್ಡದು. ಸಾಲದಿದ್ದರೆ ಮಂಡಿಯ ಸುತ್ತಲ ನೋವಿನ ನರಗಳನ್ನು ಬಿಸಿ ಮಾಡಿ ಮಂಕಾಗಿಸುವ ವಿಧಾನವನ್ನು ನೋವಿನ ತಜ್ಞರ ಬಳಿ ವಿಚಾರಿಸಿ.

ಕಾಲು ಬಿಲ್ಲಿನ ಹಾಗೆ ಬಾಗಿದೆ, ಗ್ರೇಡ್ 4, ರಾತ್ರಿ ಮಲಗಿದಾಗಲೂ ನೋವು: ಇಲ್ಲಿ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಹಾಕಿಸುತ್ತ ಹೋಗುವುದು ನನಗೆ ತುಂಬ ಬೇಸರ ತರಿಸುವ ಸಂಗತಿ. ಆ ದುಡ್ಡನ್ನು ಕೂಡಿಟ್ಟಿದ್ದರೆ ಮಂಡಿ ಬದಲಾವಣೆಯ ಒಂದು ಪಾಲಾಗುತ್ತಿತ್ತು. 2017ರ ಆಗಸ್ಟ್‌ನಲ್ಲಿ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು, ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ ತೆರಿಗೆ ಬಿಟ್ಟು 54,720 ರೂಪಾಯಿ. ಒಂದು ಎಚ್ಚರಿಕೆ: ಆಪರೇಷನ್‌ಗೆ ಮುಂಚಿನ ಮೂರು ತಿಂಗಳು ಆ ಮಂಡಿಗೆ ಇಂಜೆಕ್ಷನ್ ಬೇಡ, ಸ್ಟೀರಾಯ್ಡಂತೂ ಬೇಡವೇ ಬೇಡ. ಹೊಸ ಮಂಡಿಗೆ ಸೋಂಕು ತಗಲುವ ಅಪಾಯ ಹೆಚ್ಚುತ್ತದೆ.

ಮೈ ಭಾರ ಇರುವವರಿಗೆ ಹೇಳಬೇಕಾದ್ದು ಬೇರೆಯೇ ಇದೆ. ಮೈಯಿಂದ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. 2024ರಲ್ಲಿ ಬೊಜ್ಜು ಮತ್ತು ಮಂಡಿ ಸವೆತ ಎರಡೂ ಇದ್ದ 407 ಜನರಲ್ಲಿ ಕೆಲವರಿಗೆ ವಾರಕ್ಕೊಂದು ಸೆಮಾಗ್ಲುಟೈಡ್ ಎಂಬ ತೂಕ ಇಳಿಸುವ ಇಂಜೆಕ್ಷನ್, ಉಳಿದವರಿಗೆ ಸುಳ್ಳು ಇಂಜೆಕ್ಷನ್ ಕೊಟ್ಟು ನೋಡಿದ ಪ್ರಯೋಗದಲ್ಲಿ, ಸೆಮಾಗ್ಲುಟೈಡ್ ಪಡೆದವರಿಗೆ 68 ವಾರಕ್ಕೆ ತೂಕ ಶೇ 13.7 ಇಳಿಯಿತು, 100ಕ್ಕೆ ಕೊಡುವ ನೋವಿನ ಅಂಕ 41.7 ಇಳಿಯಿತು. ಸುಳ್ಳು ಇಂಜೆಕ್ಷನ್ ಪಡೆದವರಲ್ಲಿ ನೋವಿನ ಅಂಕ ಇಳಿದದ್ದು 27.5. ಮಂಡಿನೋವಿಗೆ ಇಷ್ಟು ಫಲ ಕೊಟ್ಟ ಈ ಸೂಜಿ ಚುಚ್ಚುವುದು ಮಂಡಿಗಲ್ಲ, ಹೊಟ್ಟೆಯ ಚರ್ಮದಡಿಗೆ.

ಮಂಡಿ ಹಗುರಾದ ವಾರಗಳಲ್ಲಿ

2020ರಲ್ಲಿ ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ 156 ಜನರನ್ನು ಎರಡು ಪಾಲು ಮಾಡಿ, ಒಂದಕ್ಕೆ ಸ್ಟೀರಾಯ್ಡ್, ಇನ್ನೊಂದಕ್ಕೆ ಫಿಸಿಯೋಥೆರಪಿ ಕೊಟ್ಟರು. ನೋವು, ಬಿಗಿತ, ಓಡಾಟದ ಕಷ್ಟ ಎಲ್ಲ ಕೂಡಿ 240ಕ್ಕೆ ಕೊಡುವ ಅಂಕದಲ್ಲಿ ಇಬ್ಬರೂ ಸುಮಾರು 108ರಲ್ಲಿದ್ದರು. ವರ್ಷದ ನಂತರ ಸ್ಟೀರಾಯ್ಡಿನವರು 55.8ಕ್ಕೆ, ಫಿಸಿಯೋಥೆರಪಿಯವರು 37ಕ್ಕೆ ಇಳಿದಿದ್ದರು. ಅಂಕ ಕಡಿಮೆಯಾದಷ್ಟೂ ಕಷ್ಟ ಕಡಿಮೆ.

ಆದರೆ ನೋವಿನಲ್ಲಿ ಕಾಲೆತ್ತಲಾಗದವರಿಗೆ ವ್ಯಾಯಾಮ ಮಾಡಿ ಅನ್ನುವುದು ಸುಲಭ, ಮಾಡುವುದು ಕಷ್ಟ. ಇಂಜೆಕ್ಷನ್ ನಿಜವಾಗಿ ಬೆಲೆ ಬಾಳುವುದು ಅಲ್ಲಿ: ನೋವು ತಗ್ಗಿದ ಆರೆಂಟು ವಾರದಲ್ಲಿ ತೊಡೆಗೆ ಬಲ ತುಂಬಿಕೊಳ್ಳಲು. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತಿ ಹಿಡಿಯುವುದು, ಕುರ್ಚಿಯಲ್ಲಿ ಕೂತು ಕಾಲು ನೇರ ಮಾಡಿ ಹತ್ತು ಎಣಿಸುವುದು, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು. ಮೊದಲ ಸಲ ಅಮ್ಮ ಆ ಹಗುರಾದ ವಾರಗಳಲ್ಲಿ ಬಾಕಿ ಉಳಿದಿದ್ದ ಹಿತ್ತಲ ಕೆಲಸವೆಲ್ಲ ಕುಕ್ಕರಗಾಲಲ್ಲಿ ಕೂತು ಮುಗಿಸಿದಳು. ಒಂಬತ್ತನೇ ವಾರಕ್ಕೆ ನೋವು ಬಡ್ಡಿ ಸಮೇತ ವಾಪಸಾಯಿತು. ಎರಡನೇ ಸಲ ಇಂಜೆಕ್ಷನ್‌ಗೆ ಮೊದಲೇ ಫಿಸಿಯೋಥೆರಪಿಯವರ ಹತ್ತಿರ ದಿನ ಗೊತ್ತು ಮಾಡಿಕೊಂಡು ಹೋದೆವು.

ಯಾವ ಇಂಜೆಕ್ಷನ್ ಆದರೂ ಸರಿ, ಎರಡು ಮೂರು ದಿನದ ನಂತರವೂ ನೋವು ಏರುತ್ತಲೇ ಹೋದರೆ, ಮಂಡಿ ಕೆಂಪಾಗಿ ಸುಡುತ್ತಿದ್ದರೆ, ಜ್ವರ ಬಂದರೆ ಕಾಯಬೇಡಿ. ಕೀಲಿನೊಳಗೆ ಸೋಂಕು ತಗಲುವುದು ಅಪರೂಪ, ಆದರೆ ತಗಲಿದರೆ ಗಂಟೆಗಳ ಲೆಕ್ಕ. ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಈಗ ಅಮ್ಮನ ಬಲ ಮಂಡಿ ಗ್ರೇಡ್ 3. ಎರಡನೇ ಸ್ಟೀರಾಯ್ಡ್ ಆಗಿ ಹದಿನಾಲ್ಕು ತಿಂಗಳಾಯಿತು, ಟವೆಲ್ಲು ಕುರ್ಚಿ ಬಿಟ್ಟಿಲ್ಲ, ಇನ್ನೊಂದು ಇಂಜೆಕ್ಷನ್ ಬೇಕಾಗಿಲ್ಲ. ಎಡ ಮಂಡಿ ಗ್ರೇಡ್ 4 ಮುಟ್ಟಿದೆ, ಸಂಕ್ರಾಂತಿ ಕಳೆದ ಮೇಲೆ ಆಪರೇಷನ್. ಅದಕ್ಕೇ ದಸರಾದಿಂದ ಈಚೆಗೆ ಆ ಕಾಲಿಗೆ ಸೂಜಿ ಮುಟ್ಟಿಸಿಲ್ಲ.